ಸಿಂಚನಾಳ ವೇಕ್‌ಬೋರ್ಡಿಗೆ ಅಡ್ಡ ನಿಂತ ಗಿಡ್ಡಮ್ಮನವರಿಗೆ

ಮಾನ್ಯ ಗಿಡ್ಡಮ್ಮನವರೇ,

ಕೆರೆಯ ಮೂಡಣ ದಡದ ಮರಳಿನ ಮೇಲೆ, ಕತ್ತಿನವರೆಗೆ ನೀರು ಹೊದ್ದುಕೊಂಡು, ಅರ್ಧ ಕಣ್ಣು ಮುಚ್ಚಿ ಮೆಲುಕು ಹಾಕುತ್ತ ವಿರಾಜಮಾನರಾಗಿರುವ ತಮಗೆ, ತಮ್ಮ ಊರಿನವರೇ ಆದ ಅಂಜನಪ್ಪನವರ ಮಗ, ಸದ್ಯ ಹೊಸೂರಿನ ಮೂಕಂಡಪಲ್ಲಿಯಲ್ಲಿ ಅಕ್ಕನ ಮನೆಯಲ್ಲಿರುವ ಯತಿರಾಜ್ ಮಾಡುವ ವಿನಯಪೂರ್ವಕ ವಂದನೆಗಳು. ತಮ್ಮ ಕೊಂಬುಗಳು ಕ್ಷೇಮವೆಂದೂ, ತಮ್ಮ ಬೆನ್ನಿನ ಮೇಲೆ ಕಾಯಂ ಆಸನ ಪಡೆದಿರುವ ಬೆಳ್ಳಕ್ಕಿಯವರು ಕುಶಲವೆಂದೂ, ತಮ್ಮ ಒಡತಿ ಮುನಿವೆಂಕಟಮ್ಮನವರು ಎಂದಿನಂತೆ ತಮ್ಮ ಮಾತೇ ಮಾತೆಂದು ನಡೆದುಕೊಳ್ಳುತ್ತಿದ್ದಾರೆಂದೂ ನಂಬಿದ್ದೇನೆ. ಎಮ್ಮೆಗೆ ಬಹಿರಂಗ ಪತ್ರ ಬರೆಯುವ ಮಟ್ಟಕ್ಕೆ ಇವನು ಇಳಿದನಲ್ಲ ಎಂದು ಓದಿದವರು ನಗಬಹುದು. ಆದರೆ ನನಗೆ ಆದ ಅನ್ಯಾಯ ಹಾಡುಹಗಲಿನಲ್ಲಿ, ಅರ್ಧ ಊರಿನ ಎದುರಿಗೆ ಆದದ್ದು. ಅದನ್ನು ಗುಟ್ಟಾಗಿ ತೋಡಿಕೊಂಡು ಫಲವಿಲ್ಲ.

ಮೊದಲಿಗೆ ನನ್ನ ಪರಿಚಯ. ನಾನು ಕೊಲ್ಲಿ ದೇಶವೊಂದರ ನೀರಾಟದ ಕೇಂದ್ರದಲ್ಲಿ ಪುಟ್ಟ ಮಕ್ಕಳಿಗೆ ವೇಕ್‌ಬೋರ್ಡ್ ಕಲಿಸುತ್ತಿದ್ದವನು. ತಮ್ಮ ಗಮನಕ್ಕೆ ಅದು ಬಂದಿರಲಾರದು, ಆದ್ದರಿಂದ ವಿವರಿಸುತ್ತೇನೆ: ಒಂದು ಗಿಡ್ಡ ಹಲಗೆ, ಅದರ ಮೇಲೆ ಎರಡು ಬೂಟು, ಬೂಟಿನೊಳಗೆ ಕಾಲು ತೂರಿಸಿಕೊಂಡು, ದೋಣಿಯೊಂದು ಎಳೆಯುವ ಹಗ್ಗದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ನೀರಿನ ಮೇಲೆ ನಿಂತು ಜಾರುತ್ತ ಹೋಗುವುದು. ತಾವು ಇದೇ ನೀರಿನಲ್ಲಿ ಯಾವ ಸಲಕರಣೆಯೂ ಇಲ್ಲದೆ ಅನುಭವಿಸುವ ಆನಂದವನ್ನು ಮನುಷ್ಯರು ಇಷ್ಟೆಲ್ಲ ಕಟ್ಟಿಕೊಂಡು ಹುಡುಕುತ್ತಾರೆ. ಹೋದ ವರ್ಷ ನನ್ನ ಮಂಡಿಯೊಳಗೆ ಏನೋ ಒಂದು ಹರಿದು, ವೈದ್ಯರು ಇನ್ನು ಹಲಗೆ ಹತ್ತಬೇಡಿ ಎಂದರು, ಕೇಂದ್ರದವರು ಇನ್ನು ಬರಬೇಡಿ ಎಂದರು. ಬರುವಾಗ ಮಕ್ಕಳ ಹಳೆಯ ಹಲಗೆಯೊಂದನ್ನೂ ಹಗ್ಗವನ್ನೂ ಸಣ್ಣ ತೇಲುಜಾಕೆಟ್ಟನ್ನೂ ನೆನಪಿಗೆಂದು ಹೊತ್ತು ತಂದೆ.

ನನ್ನ ಅಕ್ಕ ಮಾಲಿನಿ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವವಳು. ಕೂದಲೆಳೆಯಷ್ಟು ಗೀರು ಕಂಡರೂ ಇಡೀ ಪೆಟ್ಟಿಗೆಯನ್ನು ವಾಪಸು ಕಳಿಸುತ್ತಾಳೆ. ವಾಪಸು ಬಂದ ತಮ್ಮನನ್ನು ಯಾವ ಪೆಟ್ಟಿಗೆಗೆ ಹಾಕಬೇಕೆಂಬುದು ಮಾತ್ರ ಅವಳಿಗೆ ಬಗೆಹರಿದಿರಲಿಲ್ಲ. ನಾನು ದಿನವಿಡೀ ತಾರಸಿಯ ಮೇಲೆ ಕೂತು ಆ ಹಲಗೆಯನ್ನು ಒರೆಸುವುದನ್ನು ನೋಡಿ ನೋಡಿ, ಕಡೆಗೆ ತನ್ನ ಕಾರ್ಖಾನೆಯ ಉಗ್ರಾಣದಲ್ಲಿ ಒಂದು ಕೆಲಸ ಗೊತ್ತುಮಾಡಿ, "ಮುಂದಿನ ತಿಂಗಳಿಂದ ಶಿಫ್ಟಿಗೆ ಬಾ. ಹಲಗೆ ಅಟ್ಟಕ್ಕೆ ಹಾಕು. ಅದನ್ನ ಒರೆಸಿ ಒರೆಸಿ ನೀನೇ ಸವೆದೋಗ್ತಿದೀಯ" ಎಂದಳು.

ಇಷ್ಟರಲ್ಲಿ ಅವಳ ಮಗಳು ಸಿಂಚನಾ ನಡುವೆ ಬಂದಳು. ಒಂದನೇ ತರಗತಿಯ ಈ ಮಹಾರಾಯ್ತಿಗೆ ನೀರೆಂದರೆ ಪ್ರಾಣಭಯ. ನಾಲ್ಕು ವರ್ಷದವಳಿದ್ದಾಗ ಬಂಧುಗಳ ಮದುವೆಯಲ್ಲಿ ಕಲ್ಯಾಣಿಯ ಮೆಟ್ಟಿಲಿನಿಂದ ಜಾರಿ ಮುಳುಗಿ, ಯಾರೋ ಜಡೆ ಹಿಡಿದು ಎತ್ತಿದ್ದರಂತೆ. ಅಂದಿನಿಂದ ತಲೆಯ ಮೇಲೆ ನೀರು ಬೀಳಕೂಡದು. ಅವಳ ಎಣ್ಣೆನೀರಿನ ದಿನ ಮೂಕಂಡಪಲ್ಲಿಯ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರು ಯಾರನ್ನೋ ಕೊಲ್ಲುತ್ತಿದ್ದಾರೆಂದು ಓಡಿ ಬರುತ್ತಿದ್ದರು; ಹಳಬರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಶಾಲೆಯವರು ಈಜುಕೊಳಕ್ಕೆ ಕರೆದುಕೊಂಡು ಹೋದಾಗ ಇವಳೊಬ್ಬಳು ಚಪ್ಪಲಿ ಕಾಯುತ್ತ ಕೂತಿದ್ದಳೆಂದು ತಿಳಿದ ದಿನ ಮಾಲಿನಿ ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಇಂಥ ಸಿಂಚನಾ ಒಂದು ಸಂಜೆ ನನ್ನ ಫೋನಿನಲ್ಲಿ ತನ್ನಷ್ಟೇ ಎತ್ತರದ ಮಗುವೊಂದು ಹಲಗೆಯ ಮೇಲೆ ಜಾರುವುದನ್ನು ಕಂಡು, ಬಹಳ ಯೋಚಿಸಿ, "ಮಾಮ, ನೀರಿನ ಮೇಲೆ ನಿಂತ್ಕೊಂಡ್ರೆ ತಲೆ ನೆನೆಯಲ್ಲ ಅಲ್ವಾ?" ಎಂದು ಕೇಳಿದಳು.

ಮಾನ್ಯರೇ, ಈ ತರ್ಕದಲ್ಲಿ ತಪ್ಪು ಹುಡುಕಿ ನೋಡಿ. ನಾನು ಹುಡುಕಲಿಲ್ಲ. ನಿಂತುಕೊಂಡರೆ ನೆನೆಯುವುದಿಲ್ಲ ಎಂದೆ, ಅದು ಸತ್ಯವೇ. ನಿಲ್ಲುವುದಕ್ಕೆ ಮುಂಚೆ ಏನೇನಾಗುತ್ತದೆ ಎಂದು ಅವಳು ಕೇಳಿರಲಿಲ್ಲ.

ಪಾಠ ತಾರಸಿಯ ಮೇಲೆ ಶುರುವಾಯಿತು. ಯಾವ ಕಾಲು ಮುಂದಿರಬೇಕೆಂದು ತಿಳಿಯಲು ಮಗುವನ್ನು ಹಿಂದಿನಿಂದ ಮೆಲ್ಲಗೆ ತಳ್ಳಿ, ತಡೆದುಕೊಳ್ಳಲು ಯಾವ ಪಾದ ಮೊದಲು ಹೋಗುತ್ತದೆಂದು ನೋಡುವುದು ನಮ್ಮ ಕ್ರಮ. ಸಿಂಚನಾ ಪಾದ ಇಡುವ ಬದಲು ಹಿಂದಿರುಗಿ "ಯಾಕ್ ತಳ್ತೀಯ?" ಎಂದು ಜಗಳಕ್ಕೆ ನಿಂತಳು, ಬಲಗಾಲು ಮುಂದಿಟ್ಟು. ನನಗೆ ಬೇಕಾದ ಉತ್ತರ ಸಿಕ್ಕಿತು. ಆಮೇಲೆ ಹಲಗೆಯ ಕೆಳಗೆ ಗೋಣಿಚೀಲ ಹಾಸಿ, ಮಂಡಿಗಳನ್ನು ಎದೆಗೆ ಒತ್ತಿ ಕೂರಿಸಿ, ಹಗ್ಗದ ಹಿಡಿ ಕೊಟ್ಟು, ಇನ್ನೊಂದು ತುದಿಯಿಂದ ಎಳೆದೆ. ಎಲ್ಲ ಮಕ್ಕಳೂ ಇಲ್ಲಿ ಒಂದೇ ತಪ್ಪು ಮಾಡುತ್ತಾರೆ: ಹಗ್ಗ ಬಿಗಿಯಾದ ಕೂಡಲೇ ಗಡಬಡಿಸಿ ಎದ್ದು ನಿಲ್ಲಲು ಹೋಗುತ್ತಾರೆ, ಮುಗ್ಗರಿಸುತ್ತಾರೆ. "ನೀನು ಏಳ್ಬೇಡ ಕಂದ. ಪುಟ್ಟ ಕುರ್ಚಿ ಮೇಲೆ ಕೂತಂಗೆ ಕೂತಿರು. ಕೈ ನೆಟ್ಟಗೆ ಇಟ್ಕೋ. ನಿನ್ನ ಎಬ್ಬಿಸೋದು ನೀರಿನ ಕೆಲಸ" ಎಂದು ನಾನು ಅಂದದ್ದೇ ಅನ್ನುತ್ತಿದ್ದೆ; ಒಣಗಿದ ಬಟ್ಟೆ ತೆಗೆಯಲು ಬಂದ ಪಕ್ಕದ ಮನೆಯವರು ತಾರಸಿಯ ಮೇಲೆ ನೀರೆಲ್ಲಿದೆ ಎಂದು ಸುತ್ತ ನೋಡುತ್ತಿದ್ದರು. ಆದರೂ ಕಲಿತಳು. ನೆಲದ ಮೇಲೆ ಅವಳಂಥ ವೇಕ್‌ಬೋರ್ಡ್ ಪಟು ಇಡೀ ಹೊಸೂರಿನಲ್ಲಿ ಇನ್ನೊಬ್ಬರಿರಲಿಲ್ಲ.

ಮಾಲಿನಿಯಿಂದ ಅನುಮತಿ ಪಡೆದದ್ದು ಬೇರೆಯದೇ ಸಾಹಸ. ನಾನು ಉಗ್ರಾಣದ ಕೆಲಸಕ್ಕೆ ಸೇರುವವರೆಗೆ, ಭಾನುವಾರಗಳಂದು ಮಾತ್ರ, ಅವಳ ಕಣ್ಣೆದುರಿಗೆ, ನನ್ನ ಸೊಂಟ ದಾಟದ ನೀರಿನಲ್ಲಿ ಎಂಬ ಷರತ್ತುಗಳೊಂದಿಗೆ ರಾಯಕೋಟೆಯ ಬಸ್ಸು ಹತ್ತಿ ಊರಿಗೆ ಬಂದೆವು. ದೋಣಿ ಇರಲಿಲ್ಲ, ಅಪ್ಪನ ಮೊಪೆಡ್ ಇತ್ತು. ಹಗ್ಗವನ್ನು ಅದರ ಕ್ಯಾರಿಯರಿಗೆ ಕಟ್ಟಿ, ನೀರಿನ ಅಂಚಿನ ಸಪಾಟು ನೆಲದ ಮೇಲೆ ಅಪ್ಪ ಓಡಿಸಿದರೆ, ಇಪ್ಪತ್ತು ಕೆ.ಜಿ.ಯ ಕೂಸು ಏಳುವುದಕ್ಕೆ ಅಷ್ಟು ವೇಗ ಧಾರಾಳ ಸಾಕು. ಇಡೀ ಕೆರೆಯಲ್ಲಿ ಕಲ್ಲಿಲ್ಲದ, ಜೊಂಡಿಲ್ಲದ, ಕೆಸರಿಲ್ಲದ, ಹದವಾದ ಆಳದ ಜಾಗ ಒಂದೇ ಒಂದು. ಅದರ ಅರ್ಧದಲ್ಲಿ ತಾವು ಮಲಗಿದ್ದಿರಿ.

ನಾನು ಸೌಜನ್ಯದಿಂದಲೇ ಮುನಿವೆಂಕಟಮ್ಮನವರ ಬಳಿ ಹೋಗಿ, ಒಂದು ಗಂಟೆಯ ಮಟ್ಟಿಗೆ ತಮ್ಮನ್ನು ಸ್ವಲ್ಪ ಆಚೆಗೆ ಹೊಡೆದುಕೊಂಡು ಹೋಗಬಹುದೇ ಎಂದು ವಿಚಾರಿಸಿದೆ. ಎಲೆಯಡಿಕೆ ಜಗಿಯುತ್ತಿದ್ದ ಆ ತಾಯಿ ನನ್ನನ್ನೂ ಹಲಗೆಯನ್ನೂ ನೋಡಿ, "ಏನ್ಲಾ ಯತಿ, ಅದು ಕರುವಾಗಿದ್ದಾಗಿಂದ ಮನಿಕೊಳ್ಳೋ ಜಾಗ. ನೀನು ಮೊನ್ನೆ ಬಂದೋನು. ಅದುನ್ನ ಏಳ್ಸು ಅಂದ್ರೆ ಎಂಗ್ಲಾ ಏಳ್ಸಾದು? ಬ್ಯಾಕಾರೆ ನೀನೇ ಕೇಳ್ಕೋ ಓಗು. ಅದುಕ್ಕೆ ತೆಲುಗು ಮಾತ್ರ ತಿಳೀತದೆ" ಎಂದು ಸೆರಗು ಕೊಡವಿದರು. ಸೊಂಟದ ನೀರಿನಲ್ಲಿ ನಿಂತು ನನಗೆ ಬರುವ ಅಷ್ಟೂ ತೆಲುಗಿನಲ್ಲಿ ಬಿನ್ನವಿಸಿಕೊಂಡದ್ದನ್ನೂ, ತಾವು ಎಡಗಿವಿಯೊಂದನ್ನು ಅಲ್ಲಾಡಿಸಿ ನನ್ನ ಅರ್ಜಿಯನ್ನು ವಿಲೇವಾರಿ ಮಾಡಿದ್ದನ್ನೂ ತಾವು ಮರೆತಿರಬಹುದು. ಕೊನೆಗೆ ತಮಗೆ ಬಿಟ್ಟು ಉಳಿದ ತುಂಡು ಜಾಗದಲ್ಲೇ ಪಾಠ ನಡೆಸಿದೆವು. ಅಪ್ಪ ತಮ್ಮಿಂದ ನಾಲ್ಕು ಮಾರು ಇತ್ತಲೇ ಗಾಡಿ ನಿಲ್ಲಿಸಬೇಕೆಂದು ಒಪ್ಪಂದವಾಯಿತು.

ಮೊದಲ ಭಾನುವಾರ ಪೂರ್ತಿ ಪಾದ ಮುಳುಗುವಷ್ಟು ನೀರಿನಲ್ಲಿ ಕೂತೇ ಕಳೆಯಿತು. ಎರಡನೆಯದರಲ್ಲಿ ತೇಲುಜಾಕೆಟ್ ತನ್ನನ್ನು ಮುಳುಗಲು ಬಿಡುವುದಿಲ್ಲವೆಂದು ನಂಬಿ, ನನ್ನ ತೋಳಿನ ಮೇಲೆ ಅಂಗಾತ ಮಲಗಿ, ಹಲಗೆಯನ್ನು ನೀರಿನಿಂದ ಮೇಲಕ್ಕೆ ನಿಲ್ಲಿಸಿಕೊಂಡು ಸಿದ್ಧಳಾದಳು. ಅಪ್ಪ ಗಾಡಿ ಎಬ್ಬಿಸಿದರು. ಹಗ್ಗ ಬಿಗಿಯಾಯಿತು. ತಾರಸಿಯ ಪಾಠವೆಲ್ಲ ಎಲ್ಲಿ ಹೋಯಿತೋ, ಎದ್ದು ನಿಲ್ಲಲು ಹೋಗಿ ಮುಖ ಅಡಿಯಾಗಿ ಬಿದ್ದಳು. ಬಿದ್ದದ್ದು ದೊಡ್ಡದಲ್ಲ, ಅದು ಪಾಠದ ಭಾಗವೇ. ಬಿದ್ದ ಮೇಲೆ ಹಗ್ಗ ಬಿಡಬೇಕು, ಬಿಟ್ಟರೆ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ. ಅವಳು ಬಿಡಲಿಲ್ಲ. ನೀರು ಕುಡಿಯುತ್ತ, ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ನಾನು ಕುಂಟುತ್ತ ಓಡಿ ಹೋಗಿ ಎತ್ತುವವರೆಗೂ ಮೊಪೆಡ್ಡಿನ ಹಿಂದೆ ಬರುತ್ತಲೇ ಇದ್ದಳು. ಎತ್ತಿದಾಗ ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು. ಬೆಳ್ಳಗೆ ಬಿಳಿಚಿಕೊಂಡು, ತನ್ನ ಬೆರಳುಗಳನ್ನು ತಾನೇ ನೋಡುತ್ತ, "ಬಿಡು ಅಂತ ನಾನ್ ಹೇಳ್ದೆ ಮಾಮ. ಕೈ ಕೇಳ್ಲಿಲ್ಲ" ಎಂದಳು.

ಮಾಲಿನಿ ಮಗಳನ್ನು ಟವೆಲಿನಲ್ಲಿ ಸುತ್ತಿಕೊಂಡು, ನನ್ನ ಮುಖ ನೋಡದೆ, "ಮುಂದಿನ್ ವಾರ ಒಂದ್ಸಲ. ಅವತ್ತೂ ಹಿಂಗೇ ಆದ್ರೆ ಹಲಗೆ ಅಟ್ಟಕ್ಕೆ. ಅವಳು ಆಮೇಲೆ ಜೀವಮಾನದಲ್ಲಿ ನೀರಿಗಿಳಿಯಲ್ಲ, ಅದು ನಿನ್ ತಲೆ ಮೇಲೆ" ಎಂದಳು. ಆ ವಾರವೆಲ್ಲ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ, ಮಾನ್ಯರೇ. ಎಷ್ಟೋ ಮಕ್ಕಳಿಗೆ ಕಲಿಸಿದ್ದೇನೆ, ಆದರೆ ಅವರೆಲ್ಲ ಯಾರೋ ಸಾಹುಕಾರರ ಮಕ್ಕಳು. ಹೆದರಿದರೆ ಐಸ್‌ಕ್ರೀಮ್ ಕೊಡಿಸಿ ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಇವಳ ಭಯವನ್ನು ನಾನೇ ಇನ್ನೊಂದು ಸುತ್ತು ಗಟ್ಟಿಮಾಡಿದೆನೇನೋ ಎಂದು ಮನಸ್ಸು ಕೊರೆಯುತ್ತಿತ್ತು. ಬರುವುದಿಲ್ಲ ಎನ್ನುತ್ತಾಳೆಂದು ಕಾದೆ. ಶನಿವಾರ ಸಂಜೆ ಅವಳೇ ತನ್ನ ಚೀಲಕ್ಕೆ ಟವೆಲು ತುರುಕಿಕೊಂಡಳು.

ಮೂರನೆಯ ಭಾನುವಾರ ನಡೆದದ್ದಕ್ಕೆ ತಾವೇ ಪ್ರತ್ಯಕ್ಷ ಸಾಕ್ಷಿ, ಅಷ್ಟೇ ಅಲ್ಲ, ಒಂದನೇ ಆರೋಪಿ. ಸಿಂಚನಾ ಮಂಡಿ ಮಡಿಸಿ ಕೂತಳು, ಹಗ್ಗ ಬಿಗಿಯಾಯಿತು, ತುಟಿ ಕಚ್ಚಿಕೊಂಡು, ಏಳದೆ, ಕೂತೇ ಇದ್ದಳು, ನೀರು ಹಲಗೆಯನ್ನು ತಾನಾಗಿ ಮೇಲೆತ್ತಿತು, ಅವಳು ಮೆಲ್ಲಗೆ, ತೂಕಡಿಸಿ ಎಚ್ಚರಾದವಳಂತೆ, ನೆಟ್ಟಗೆ ನಿಂತಳು. ನಿಂತು ಹೊರಟಳು! ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ಬಿಟ್ಟು ನೋಡಿದರು. ಮಾಲಿನಿ "ಅಯ್ಯೋ, ಅಯ್ಯೋ" ಎನ್ನುತ್ತ ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾರೆ. ನಾನಂತೂ ಮಂಡಿ ಮರೆತು ನೀರಿನಲ್ಲೇ ಕುಣಿದೆ. ಆದರೆ ಅವಳು ಇಷ್ಟು ದೂರ ಬರಬಹುದೆಂದು ನಮ್ಮಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಅಪ್ಪ ಹಿಂದಿರುಗಿ ನೋಡಿ, ಮೊಮ್ಮಗಳು ನಿಂತದ್ದನ್ನು ಕಂಡ ಸಂಭ್ರಮದಲ್ಲಿ ಒಪ್ಪಂದವನ್ನು ಮರೆತು, ನಿಲ್ಲಿಸುವ ಬದಲು ಆಕ್ಸಿಲರೇಟರನ್ನು ಇನ್ನಷ್ಟು ತಿರುವಿದರು. ಅದೇ ಗಳಿಗೆಯಲ್ಲಿ ತಾವು, ಅಷ್ಟೂ ವಾರ ಭೂಕಂಪವಾದರೂ ಏಳದಂತೆ ಮಲಗಿದ್ದವರು, ಎದ್ದಿರಿ. ಎದ್ದು, ಮೈಯ ನೀರು ಸುರಿಸಿಕೊಂಡು, ಎರಡು ಹೆಜ್ಜೆ ಇಟ್ಟು, ಸರಿಯಾಗಿ ಅವಳ ದಾರಿಗೆ ಅಡ್ಡವಾಗಿ ನಿಂತು, ಬಾಲ ಬೀಸಿದಿರಿ.

ನಾನು "ಅಪ್ಪಾ, ನಿಲ್ಸು!" ಎಂದು ಕೂಗಿದ್ದು ಮೊಪೆಡ್ಡಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. "ಬಿಡು ಸಿಂಚು! ಹಗ್ಗ ಬಿಡು!" ಎಂದು ಅರಚಿದೆ. ಅವಳ ಕೈ ಕೇಳುವುದಿಲ್ಲವೆಂದು ನನಗೆ ಗೊತ್ತಿತ್ತು. ಮಾಲಿನಿ ಆಗಲೇ ನೀರಿಗೆ ಇಳಿದಿದ್ದಳು. ನನ್ನ ಮಂಡಿ ಕೈಕೊಟ್ಟಿತು. ಎದುರಿಗೆ ತಮ್ಮ ಕರಿಯ ಪರ್ವತದಂಥ ಹೊಟ್ಟೆ, ಅದರತ್ತ ಜಾರಿ ಬರುತ್ತಿರುವ ಪುಟ್ಟ ಕೆಂಪು ಜಾಕೆಟ್ಟು.

ಅವಳು ಕೈ ಬಿಟ್ಟಳು.

ಹಿಡಿ ಒಂದು ಕಡೆ ಹಾರಿತು, ಹಲಗೆ ತಾನೇ ನಿಧಾನಿಸಿತು, ಮಗು ಹಿಂದಕ್ಕೆ ಕೂತಂತೆ ಮುಳುಗಿತು. ತಲೆಯೂ ಮುಳುಗಿತು. ಆಮೇಲೆ ಜಾಕೆಟ್ಟು ಅವಳನ್ನು ಬುಳಕ್ಕನೆ ಮೇಲಕ್ಕೆ ತಂದು ತಮ್ಮ ಮೂತಿಯ ಮುಂದೆಯೇ ನಿಲ್ಲಿಸಿತು. ಕೂದಲೆಲ್ಲ ಮುಖಕ್ಕೆ ಅಂಟಿತ್ತು, ಮೂಗಿನಿಂದ ನೀರಿಳಿಯುತ್ತಿತ್ತು. ಈಗ ಕಿರುಚುತ್ತಾಳೆ ಎಂದು ನಾವೆಲ್ಲ ಕಾದೆವು. ಅವಳು ಕೂದಲು ಸರಿಸಿ, ತಮ್ಮನ್ನು ನೋಡಿ, ಮುನಿವೆಂಕಟಮ್ಮನವರ ರಾಗದಲ್ಲೇ, "ಏಯ್! ನಾನು ಬರೋದು ಕಾಣ್ಸಲ್ವಾ? ದಾರಿ ಬಿಡಕ್ ಆಗಲ್ವಾ ನಿಂಗೆ?" ಎಂದು ಗದರಿದಳು. ತಾವು ಬುಸ್ಸೆಂದು ಅವಳ ಮುಖದ ತುಂಬ ನೀರು ಸಿಡಿಸಿದಿರಿ. ಅವಳು ಬಿದ್ದು ಬಿದ್ದು ನಕ್ಕಳು. ನಕ್ಕು, ಬಾಯಿಗೆ ನೀರು ಹೋಗಿ, ಉಗುಳಿ, ಮತ್ತೆ ನಕ್ಕು, ಎರಡೂ ಕೈ ಮೇಲೆತ್ತಿ ನನಗೆ ತೋರಿಸಿದಳು: "ಮಾಮಾ, ಕೈ ಬಿಡ್ತು! ನಾನ್ ಹೇಳೋಕ್ ಮುಂಚೆನೇ ಬಿಡ್ತು!"

ಅಲ್ಲಿಂದ ಮುಂದೆ ನನ್ನ ಪಾಠ ನನ್ನ ಕೈಲಿ ಉಳಿಯಲಿಲ್ಲ. ಇನ್ನೊಂದ್ಸಲ, ಇನ್ನೊಂದ್ಸಲ ಎಂದು ಬಿಸಿಲೇರುವವರೆಗೆ ಅಪ್ಪನ ಪೆಟ್ರೋಲು ಮುಗಿಸಿದಳು. ವೇಗ ಹೆಚ್ಚಿಸು, ನಿಲ್ಲಿಸು ಎನ್ನಲು ನಾನು ಹೇಳಿಕೊಟ್ಟ ಹೆಬ್ಬೆರಳಿನ ಸನ್ನೆಗಳೆಲ್ಲ ಮೂಲೆಗೆ ಬಿದ್ದು, ತಾವೇ ಅವಳ ಗುರುತಿನ ಕಂಬವಾದಿರಿ: ಗಿಡ್ಡಮ್ಮನ ಹತ್ತಿರ ಬರುತ್ತಲೇ ಕೈ ಬಿಡುವುದು, ಮುಳುಗುವುದು, ಏಳುವುದು, ತಮ್ಮನ್ನು ಬೈಯುವುದು. ನಾನು ದಡದಲ್ಲಿ ನಿಂತು ಮಂಡಿ ಬಗ್ಗಿಸು, ಕೈ ನೆಟ್ಟಗಿಡು ಎಂದು ಹೇಳಿದ್ದೆಲ್ಲ ಬೆಳ್ಳಕ್ಕಿಗಳಿಗೆ ಉಪದೇಶ ಮಾಡಿದಂತಾಯಿತು. ಮುನಿವೆಂಕಟಮ್ಮನವರು ಊರಿಗೆಲ್ಲ ಕೇಳುವಂತೆ, "ನೋಡ್ದೇನ್ಲಾ ಯತಿ, ನಿನ್ ಕೈಲಿ ಆಗ್ದೇ ಇರಾದ್ನ ನಮ್ ಗಿಡ್ಡಿ ಒಂದು ಗಳ್ಗೇಲಿ ಕಲ್ಸ್‌ಬುಟ್ಲು" ಎಂದರು. ಮಾಲಿನಿ, ನನ್ನ ಒಡಹುಟ್ಟಿದ ಅಕ್ಕ, ಒದ್ದೆ ಬಟ್ಟೆಯಲ್ಲೇ ನಿಂತು ತಮ್ಮ ಹಣೆಗೆ ಅರಿಸಿನ ಹಚ್ಚಲು ಮನೆಯಿಂದ ಡಬ್ಬಿ ತರಿಸಿದಳು. ನನ್ನ ಹಣೆಯೂ ಅಲ್ಲೇ ಪಕ್ಕದಲ್ಲೇ ಇತ್ತು.

ಹಲಗೆ ಅಟ್ಟಕ್ಕೆ ಹೋಗಲಿಲ್ಲ, ಮಂಚದ ಕೆಳಗೆ ಬಂತು. ನಾನು ವಾರಕ್ಕೆ ಆರು ದಿನ ಉಗ್ರಾಣಕ್ಕೆ, ಭಾನುವಾರ ಕೆರೆಗೆ ಎಂದು ಅಕ್ಕನೇ ತೀರ್ಪಿತ್ತಳು. ಆದಕಾರಣ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ತಾವು ಏಳುವುದಿದ್ದರೆ ಮುಂಚಿನ ದಿನವೇ ತಿಳಿಸಬೇಕು. ಪಾಠದ ಹೊತ್ತಿನಲ್ಲಿ ಶಿಷ್ಯೆಯನ್ನು ನಗಿಸಬಾರದು. ನಾನು ತೆಲುಗು ಮಾತಾಡುವಾಗ ಕನಿಷ್ಠಪಕ್ಷ ಎರಡೂ ಕಿವಿ ಅಲ್ಲಾಡಿಸಬೇಕು. ಮತ್ತು ಮಂಡಿ ಹರಿದ ನನ್ನಂಥ ಬಡ ಗುರುವಿಗೂ ಈ ಕಲಿಕೆಯಲ್ಲಿ ಒಂದು ಪಾಲು ಇದೆಯೆಂದು, ಸಾಧ್ಯವಾದರೆ ಗಣ್ಯರ ಸಮ್ಮುಖದಲ್ಲಿ, ತಾವೇ ಒಂದು ಮಾತು ಆಡಬೇಕು.

ಈ ಕೊನೆಯ ಬಿನ್ನಹಕ್ಕೆ ಕಾರಣವಾದ ಘಟನೆಯನ್ನು ಹೇಳಿ ಮುಗಿಸುತ್ತೇನೆ. ಆ ಸಂಜೆ ಹೊಸೂರಿನ ಬಸ್ಸಿನಲ್ಲಿ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು, ಪಕ್ಕದಲ್ಲಿ ಸಿಂಚನಾ, ಅವಳ ಆ ಕಡೆ ಹೂಬುಟ್ಟಿಯ ಒಬ್ಬ ತಮಿಳು ಅಜ್ಜಿ. ಒದ್ದೆ ಕೂದಲು ಕಂಡು ಅಜ್ಜಿ, "ಎಂಗ ಪೋಯಿಟ್ಟು ವರ್ರ ಕಣ್ಣು?" ಎಂದು ಎಲ್ಲಿಗೆ ಹೋಗಿದ್ದೆಯೆಂದು ವಿಚಾರಿಸಿದರು. ಸಿಂಚನಾ ಶಾಲೆಯ ತಮಿಳಿನಲ್ಲಿ, ಇಡೀ ಬಸ್ಸಿಗೆ ಕೇಳುವಂತೆ, "ತಣ್ಣಿ ಮೇಲ ನಿನ್ನೇನ್ ಪಾಟಿ!" ಎಂದಳು, ನೀರಿನ ಮೇಲೆ ನಿಂತೆ ಅಜ್ಜಿ ಎಂದು. ಅಜ್ಜಿ ಕಣ್ಣರಳಿಸಿ, "ಯಾರು ಸೊಲ್ಲಿ ಕುಡುತ್ತಾಂಗ?" ಎಂದು ಹೇಳಿಕೊಟ್ಟವರು ಯಾರೆಂದು ಕೇಳಿದರು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, ವಿನಯದ ನಗೆಯೊಂದನ್ನು ಸಿದ್ಧಪಡಿಸಿಕೊಂಡೆ. "ಎರುಮ" ಎಂದಳು ಸಿಂಚನಾ. ಎಮ್ಮೆ. ಅಜ್ಜಿ ನನ್ನನ್ನೂ ನನ್ನ ತೊಡೆಯ ಮೇಲಿನ ಹಲಗೆಯನ್ನೂ ತಲೆಯಿಂದ ಕಾಲಿನವರೆಗೆ ಅಳೆದು ನೋಡಿ, ಮಗುವಿನ ಕೆನ್ನೆಯನ್ನು ಮೆಲ್ಲಗೆ ತಟ್ಟಿ, ತಗ್ಗಿದ ದನಿಯಲ್ಲಿ ಬುದ್ಧಿ ಹೇಳಿದರು: "ತಪ್ಪು ಕಣ್ಣು. ಮಾಮಾವ ಅಪ್ಪಡಿ ಸೊಲ್ಲಕ್ಕೂಡಾದು." ಮಾಮನನ್ನು ಹಾಗೆಲ್ಲ ಅನ್ನಬಾರದು.

ತಮ್ಮ ಬೆನ್ನಿನ ಬೆಳ್ಳಕ್ಕಿಗಿಂತ ಒಂದು ಮೆಟ್ಟಿಲು ಕೆಳಗಿರುವ,
ತಮ್ಮ ವಿಶ್ವಾಸಿ,
ಯತಿರಾಜ್
(ಸಹಾಯಕ ಬೋಧಕ, ತಮ್ಮ ಕೈಕೆಳಗೆ)

ಮರೆತ ಮಾತು: ದಡದಲ್ಲಿ ಒಣಗಲು ಹಾಕಿದ್ದ ಹಗ್ಗದ ಹಿಡಿಯ ಮೇಲಿನ ಸ್ಪಂಜನ್ನು ತಾವು ಮೇಯ್ದುಬಿಟ್ಟಿರುವುದು ಹೋದ ಭಾನುವಾರ ಬೆಳಕಿಗೆ ಬಂದಿದೆ. ಪಶುವೈದ್ಯರು ಪರೀಕ್ಷಿಸಿ, ಗಾಬರಿಯೇನಿಲ್ಲ, ತನ್ನ ಕಾಲಕ್ಕೆ ತಾನೇ ಹೊರಗೆ ಬರುತ್ತದೆ ಎಂದಿದ್ದಾರೆ. ಬಂದಾಗ ದಯವಿಟ್ಟು ಹಿಂದಿರುಗಿಸುವ ತೊಂದರೆ ತೆಗೆದುಕೊಳ್ಳಬೇಡಿ, ಗುರುದಕ್ಷಿಣೆಯೆಂದು ಇಟ್ಟುಕೊಳ್ಳಿ.